ಸುಂಕದ ಕಟ್ಟೆಯೂ ಸಂಶೋಧನೆಯೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಗಾಡಿಯಲ್ಲಿರುವುದು ಸಂತೆಗೆ ಒಯ್ಯುವ ಸರಕೋ, ಬಾಣಂತಿ ಮಗಳಿಗೆ ಒಯ್ಯುವ ಬುತ್ತಿಯೋ ಎಂಬುದನ್ನು ಅವನು ವಿಚಾರಿಸುವವನಲ್ಲ. ಕಟ್ಟೆಯನ್ನು ದಾಟಬೇಕಾದರೆ ಗಂಟು ಬಿಚ್ಚಬೇಕು, ಅಷ್ಟೆ. ಅಂತಹ ಕಟ್ಟೆಯೊಂದು ವಿದ್ಯೆಯ ದಾರಿಯಲ್ಲಿಯೂ ಇದೆಯೆಂಬುದು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಬಹುಮಂದಿಗೆ ತಿಳಿದಿರಲಾರದು. ನನಗೂ ಅದರ ಬಿಸಿ ತಟ್ಟಿದುದು ಈಚೆಗೆ, ಅದೂ ಮಿತ್ರರೊಬ್ಬರ ಮೂಲಕ.

ಈ ಮಿತ್ರರು ನೆರೆಯ ಜಿಲ್ಲೆಯ ಸರಕಾರಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ತಮ್ಮ ಸುತ್ತಿನ ಒಂದು ಹೋಬಳಿಯ ಕೆರೆಗಳ ವಿಷಯವನ್ನು ಹಿಡಿದು ಮೂರು ವರ್ಷ ದುಡಿದರು. ಯಾವ ಕೆರೆಯಲ್ಲಿ ಹೂಳು ಎಷ್ಟು ತುಂಬಿದೆ, ತೂಬು ಎತ್ತುವ ನೀರುಗಂಟಿಯ ಪದ್ಧತಿ ಎಲ್ಲೆಲ್ಲಿ ಉಳಿದಿದೆ, ಎಲ್ಲಿ ಕೆರೆ ಬತ್ತಿ ಜನ ಕೊಳವೆಬಾವಿಗಾಗಿ ಸಾಲ ಮಾಡಿದ್ದಾರೆ ಎಂಬುದನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಈ ಕೆಲಸಕ್ಕೆ ಸರಕಾರದ ಸಂಸ್ಥೆಯೊಂದು ಮೂರು ಲಕ್ಷ ರೂಪಾಯಿಗಳ ಅನುದಾನ ಕೊಟ್ಟಿತ್ತು. ಬರೆದ ಲೇಖನವನ್ನು ಹೊರದೇಶದ ಒಂದು ಹೆಸರಾಂತ ಪತ್ರಿಕೆಗೆ ಕಳುಹಿಸಿದರು. ಹದಿನಾಲ್ಕು ತಿಂಗಳ ಪರಿಶೀಲನೆ, ಎರಡು ಬಾರಿ ತಿದ್ದುಪಡಿ. ಕೊನೆಗೆ ಅಂಗೀಕಾರದ ಪತ್ರ ಬಂದಿತು. ಅಂದು ಅವರ ಮನೆಯಲ್ಲಿ ಪಾಯಸವಾಯಿತು. ಮರುದಿನ ಇನ್ನೊಂದು ಪತ್ರ ಬಂದಿತು. ಲೇಖನವನ್ನು ಲೋಕದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದುವಂತೆ ತೆರೆದಿಡಬೇಕಾದರೆ ೨,೫೦೦ ಡಾಲರು ಕಟ್ಟತಕ್ಕದ್ದು. ಇಲ್ಲವಾದರೆ ಅದು ಚಂದಾ ತೆತ್ತವರಿಗೆ ಮಾತ್ರ ದೊರೆಯತಕ್ಕದ್ದು. ನಮ್ಮ ನಾಣ್ಯದಲ್ಲಿ ಎರಡು ಲಕ್ಷಕ್ಕೂ ಮೇಲೆ! ಮೂರು ವರ್ಷದ ದುಡಿಮೆಗೆ ಮೂರು ಲಕ್ಷ. ಅದನ್ನು ಒಮ್ಮೆ ಬೆಳಕಿಗೆ ತರುವುದಕ್ಕೆ ಎರಡು ಲಕ್ಷ.

“ಅನುದಾನದಲ್ಲಿ ಉಳಿದಿರುವುದು ನಲವತ್ತು ಸಾವಿರ. ಮಿಕ್ಕದ್ದನ್ನು ಸಂಬಳದಿಂದ ಕಟ್ಟಲೇ? ನೀವೇನು ಹೇಳುತ್ತೀರಿ, ಸ್ವಾಮಿ?” ಎಂದು ಅವರು ನನ್ನನ್ನು ಕೇಳಿದರು. ಒಡನೆ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಅಂದಿನಿಂದ ಓದಿ ಯೋಚಿಸಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆ ಸಾರ್ವಜನಿಕರೆಲ್ಲರ ಓದಿಗೂ ದೊರೆಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದಕ್ಕಾಗಿ ಅನುದಾನದ ಹಣವನ್ನೇ ಪ್ರಕಾಶಕರಿಗೆ ಶುಲ್ಕವಾಗಿ ತೆರಬೇಕೆ? ತೆರುವುದಾದರೆ ಎಷ್ಟು, ಯಾರಿಗೆ? ಇದೇ ಇಲ್ಲಿಯ ಚರ್ಚೆ.

ಮೊದಲು ಈ ವ್ಯವಹಾರದ ಸ್ವರೂಪವನ್ನು ತಿಳಿಯೋಣ. ವಿದ್ವತ್ಪತ್ರಿಕೆಗಳ ಇತಿಹಾಸ ೧೬೬೫ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗನು ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. ವಿದ್ವಾಂಸರು ಒಬ್ಬರಿಗೊಬ್ಬರು ಕಾಗದ ಬರೆದು ತಿಳಿಸುತ್ತಿದ್ದುದನ್ನು ಎಲ್ಲರಿಗೂ ಒಮ್ಮೆಗೇ ತಿಳಿಸುವುದು ಅದರ ಉದ್ದೇಶ. ಬಹುಕಾಲ ಈ ಕೆಲಸ ಹೆಚ್ಚಾಗಿ ವಿದ್ವತ್ಸಂಘಗಳ ಕೈಯಲ್ಲಿಯೇ ಇದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಸರಕಾರಗಳು ವಿಜ್ಞಾನಕ್ಕೆ ಧಾರಾಳವಾಗಿ ಹಣ ಕೊಡಲಾರಂಭಿಸಿದಾಗ ವಾಣಿಜ್ಯ ಪ್ರಕಾಶಕರು ಇದರಲ್ಲಿರುವ ಲಾಭವನ್ನು ಕಂಡುಕೊಂಡರು. ರಾಬರ್ಟ್ ಮ್ಯಾಕ್ಸ್‌ವೆಲ್ಲನು ಪೆರ್ಗಮಾನ್ ಪ್ರೆಸ್ಸಿನ ಮೂಲಕ ಪತ್ರಿಕೆಗಳ ದೊಡ್ಡ ಬಳಗವನ್ನೇ ಕಟ್ಟಿ, ೧೯೯೧ರಲ್ಲಿ ಅದನ್ನು ಎಲ್ಸ್‌ವಿಯರ್ ಸಂಸ್ಥೆಗೆ ಮಾರಿದನು.

ಈ ವ್ಯಾಪಾರದ ವೈಚಿತ್ರ್ಯವನ್ನು ಗಮನಿಸಬೇಕು. ಹತ್ತಿ ಬೆಳೆದವನಿಗೆ ಗಿರಣಿಯವನು ಬೆಲೆ ಕೊಡುತ್ತಾನೆ. ಕಬ್ಬು ಬೆಳೆದವನಿಗೆ, ತಡವಾಗಿಯಾದರೂ, ಕಾರ್ಖಾನೆಯವನು ಹಣ ಕೊಡುತ್ತಾನೆ. ಇಲ್ಲಿಯಾದರೋ ಲೇಖನ ಬರೆದವನಿಗೆ ಸಂಭಾವನೆಯಿಲ್ಲ. ಅವನ ಸಂಬಳ ಸರಕಾರದ್ದು. ಅದರ ಗುಣದೋಷಗಳನ್ನು ನೋಡಿಕೊಡುವ ಸಮಾನ ವಿದ್ವಾಂಸರಿಗೂ ಸಾಮಾನ್ಯವಾಗಿ ಕಾಸಿಲ್ಲ. ಅವರ ಸಂಬಳವೂ ಬಹುಮಟ್ಟಿಗೆ ಸರಕಾರದ್ದೇ. ಕಡೆಗೆ ಅದೇ ಲೇಖನವನ್ನು ಚಂದಾ ತೆತ್ತು ಕೊಳ್ಳುವುದು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರ; ಆ ಹಣವೂ ಸರಕಾರದ್ದು. ಸರಕಾರದ ಹಣವೆಂದರೆ ಯಾರ ಹಣ? ಬೆಂಕಿಪೊಟ್ಟಣ ಕೊಳ್ಳುವ ಮುದುಕಿಯೂ ಅದಕ್ಕೆ ತೆರಿಗೆ ತೆತ್ತಿದ್ದಾಳೆ. ಬಿತ್ತಿದವರು, ಕಳೆ ಕಿತ್ತವರು, ಕೊಯ್ದವರು ಎಲ್ಲರೂ ಒಂದು ಕಡೆಯವರು. ಕಣದ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಇಟ್ಟುಕೊಂಡವರು ಮಾತ್ರ ಇನ್ನೊಬ್ಬರು. ಎಲ್ಸ್‌ವಿಯರಿನ ಮಾತೃಸಂಸ್ಥೆಯಾದ ರೆಲ್ಕ್ಸಿನ ಈ ವಿಭಾಗದ ಲಾಭ ಈಚಿನ ವರ್ಷಗಳಲ್ಲಿ ಆದಾಯದ ನೂರಕ್ಕೆ ೩೫ನ್ನು ಮೀರಿದೆಯೆಂದ ಮೇಲೆ ಬೀಗದ ಕೈಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಇದನ್ನು ಕಂಡು ವಿದ್ವಾಂಸರು ಸುಮ್ಮನಿರಲಿಲ್ಲ. ೧೯೯೧ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಅಲಾಮೋಸಿನಲ್ಲಿದ್ದ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅವರು ಗಣಕಯಂತ್ರದ ಮೂಲಕ ಒಂದು ಲೇಖನ ಭಂಡಾರವನ್ನು ತೆರೆದರು. ಇಂದು ‘ಆರ್ಕೈವ್’ ಎಂದು ಲೋಕಪ್ರಸಿದ್ಧವಾಗಿರುವುದು ಅದೇ. ಲೇಖಕ ತನ್ನ ಬರಹವನ್ನು ಅಲ್ಲಿ ಇಡುವುದಕ್ಕೂ ದುಡ್ಡಿಲ್ಲ, ಓದುಗ ತೆಗೆದುಕೊಳ್ಳುವುದಕ್ಕೂ ದುಡ್ಡಿಲ್ಲ. ೨೦೦೨ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ನಗರದ ಹೆಸರಿನಿಂದ ಒಂದು ಘೋಷಣೆ ಹೊರಟಿತು. ವಿದ್ವತ್ಪೂರ್ಣವಾದ ಬರಹ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿರಬೇಕು. ಅದಕ್ಕೆ ಎರಡು ದಾರಿಗಳುಂಟು. ಲೇಖಕರು ತಮ್ಮ ಬರಹವನ್ನು ಭಂಡಾರಗಳಲ್ಲಿ ತಾವೇ ಇಡುವುದು ಒಂದು, ಚಂದಾ ಕೇಳದ ಹೊಸ ಪತ್ರಿಕೆಗಳನ್ನು ಹೊರಡಿಸುವುದು ಇನ್ನೊಂದು ಎಂಬುದು ಅದರ ಸಾರ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿದ್ವಾಂಸರ ಲೇಖನಗಳಿಗಾಗಿ ಭಂಡಾರವನ್ನು ತೆರೆಯಿತು. ನಮ್ಮ ದೇಶದಲ್ಲಿ ಒಂದು ವಿದ್ಯಾಸಂಸ್ಥೆ ತೆರೆದ ಇಂತಹ ಭಂಡಾರಗಳಲ್ಲಿ ಇದೇ ಮೊದಲನೆಯದೆಂಬುದು ಕನ್ನಡಿಗರು ಹೆಮ್ಮೆ ಪಡಬೇಕಾದ ಸಂಗತಿ. ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಮ್ಮ ಅನುದಾನ ಪಡೆದವರ ಲೇಖನಗಳು ಒಂದು ವರ್ಷದೊಳಗೆ ಸಾರ್ವಜನಿಕ ಭಂಡಾರದಲ್ಲಿ ದೊರೆಯಬೇಕೆಂದು ೨೦೦೮ರಲ್ಲಿ ಕಡ್ಡಾಯ ಮಾಡಿದುವು. ೨೦೨೫ರ ಜುಲೈ ೧ರಿಂದ ಆ ಒಂದು ವರ್ಷದ ಗಡುವನ್ನೂ ತೆಗೆದುಹಾಕಿದುವು. ನಮ್ಮ ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆಗಳು ೨೦೧೪ರ ಡಿಸೆಂಬರಿನಲ್ಲಿ ಇಂತಹುದೇ ನೀತಿಯನ್ನು ಪ್ರಕಟಿಸಿದುವು.

ಇಷ್ಟಾದ ಮೇಲೆ ಕಥೆ ಸುಖಾಂತವಾಗಬೇಕಿತ್ತಲ್ಲವೆ? ಆಗಲಿಲ್ಲ. ಅರವಟ್ಟಿಗೆಯಲ್ಲಿ ನೀರು ಕುಡಿಯುವವನಿಂದ ಕಾಸು ಕೇಳಬಾರದೆಂದಾದಾಗ, ನೀರು ಹೊತ್ತು ತರುವವನಿಂದ ಕೇಳಿದರಾಯಿತೆಂಬ ಉಪಾಯ ಹೊಳೆಯಿತು. ಓದುಗನ ಬಾಗಿಲಲ್ಲಿದ್ದ ಸುಂಕದ ಕಟ್ಟೆ ಲೇಖಕನ ಬಾಗಿಲಿಗೆ ಬಂದಿತು. ಇದಕ್ಕೆ ಪ್ರಕಟಣ ಶುಲ್ಕವೆಂದು ಹೆಸರು. ಮೊದಮೊದಲು ಇದು ಸದುದ್ದೇಶದಿಂದಲೇ ಹುಟ್ಟಿದುದು. ಲಾಭದ ಆಸೆಯಿಲ್ಲದ ‘ಪಬ್ಲಿಕ್ ಲೈಬ್ರರಿ ಆಫ್ ಸೈನ್ಸ್’ ಎಂಬ ಸಂಸ್ಥೆ ೨೦೦೩ರಲ್ಲಿ ತನ್ನ ಮೊದಲ ಪತ್ರಿಕೆಯನ್ನು ಹೊರಡಿಸಿದಾಗ ಲೇಖನಕ್ಕೆ ೧,೫೦೦ ಡಾಲರು ಶುಲ್ಕವಿಟ್ಟಿತು. ಕ್ರಮೇಣ ದೊಡ್ಡ ಪ್ರಕಾಶಕರೂ ಈ ದಾರಿಯ ಸೊಗಸನ್ನು ಅರಿತರು. ೨೦೨೧ರಿಂದ ‘ನೇಚರ್’ ಪತ್ರಿಕೆ ಒಂದು ಲೇಖನವನ್ನು ಮುಕ್ತವಾಗಿಡಲು ಗೊತ್ತುಮಾಡಿದ ಶುಲ್ಕ ೯,೫೦೦ ಯೂರೋ. ಯೂರೋ ಒಂದಕ್ಕೆ ತೊಂಬತ್ತು ರೂಪಾಯಿಯಂತೆ ಹಿಡಿದರೂ ಎಂಟೂವರೆ ಲಕ್ಷ ರೂಪಾಯಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಹಣದಿಂದ ಒಬ್ಬ ಬಡವ ತಲೆಯ ಮೇಲೊಂದು ಸೂರು ಕಟ್ಟಿಕೊಂಡಾನು.

ಶುಲ್ಕದ ಪರವಾಗಿ ಮಾತನಾಡುವವರ ವಾದವನ್ನು ಗೌರವದಿಂದ ಕೇಳಬೇಕು. ಪತ್ರಿಕೆ ಗಾಳಿಯಲ್ಲಿ ನಡೆಯುವುದಿಲ್ಲ. ಲೇಖನಗಳನ್ನು ಬರಮಾಡಿಕೊಳ್ಳಲು, ತಿದ್ದಲು, ಜೋಡಿಸಲು, ಶಾಶ್ವತವಾಗಿ ಕಾದಿಡಲು ವೆಚ್ಚವುಂಟು. ಚಂದಾ ಬೇಡವೆಂದರೆ ಆ ವೆಚ್ಚ ಬೇರೆ ಎಲ್ಲಿಂದಲಾದರೂ ಬರಬೇಕು. ಪ್ರಯೋಗಶಾಲೆಗೆ ಕೋಟಿಗಳನ್ನು ಕೊಡುವ ಸರಕಾರ ಪ್ರಕಟಣೆಗೆ ಅದರಲ್ಲಿ ಒಂದು ಅಲ್ಪಭಾಗವನ್ನು ಕೊಟ್ಟರೆ ತಪ್ಪೇನು? ಇಂಗ್ಲೆಂಡಿನಲ್ಲಿ ಫಿಂಚ್ ಸಮಿತಿ ೨೦೧೨ರಲ್ಲಿ ಇದೇ ದಾರಿಯನ್ನು ಸೂಚಿಸಿತು. ಅದರಂತೆ ಮರುವರ್ಷದ ಏಪ್ರಿಲಿನಿಂದ ಅಲ್ಲಿಯ ಸಂಶೋಧನ ಮಂಡಲಿಗಳು ಈ ಶುಲ್ಕಕ್ಕೆಂದೇ ವಿಶ್ವವಿದ್ಯಾನಿಲಯಗಳಿಗೆ ಇಡಿಗಂಟಾಗಿ ಹಣ ಕೊಟ್ಟುವು.

ಪ್ರಕಟಣೆಯ ವೆಚ್ಚವೂ ಸಂಶೋಧನೆಯ ವೆಚ್ಚವೇ ಎಂಬ ಮೂಲ ಮಾತನ್ನು ನಾನೂ ಒಪ್ಪುತ್ತೇನೆ. ನಮ್ಮ ಮೈಸೂರು ಸಂಸ್ಥಾನವಂತೂ ಅದನ್ನು ಒಪ್ಪಿ ನಡೆದು ತೋರಿಸಿತ್ತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ೧೮೮೬ರಲ್ಲಿ ಹೊರಬಂದಿತು; ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹನ್ನೆರಡು ಸಂಪುಟಗಳಾದುವು. ಎಂಟು ಸಾವಿರಕ್ಕೂ ಮೇಲ್ಪಟ್ಟ ಶಾಸನಗಳನ್ನು ಹಳ್ಳಿಹಳ್ಳಿಯಿಂದ ಸಂಗ್ರಹಿಸಿ ಮೂಲಪಾಠ, ಲಿಪ್ಯಂತರ, ಇಂಗ್ಲಿಷ್ ಅನುವಾದಗಳೊಡನೆ ಪ್ರಕಟಿಸಿದ ಆ ಮಹಾಕಾರ್ಯಕ್ಕೆ ಬೆನ್ನಾಗಿ ನಿಂತುದು ಸರಕಾರ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ೧೯೦೯ರಲ್ಲಿ ಅದರ ಮೂಲ ಅಚ್ಚಾದುದೂ ಸರಕಾರದ ಗ್ರಂಥಮಾಲೆಯಲ್ಲಿಯೇ. ಪಂಡಿತರ ಸಂಬಳ, ಓಲೆಯ ರಕ್ಷಣೆ, ಅಚ್ಚಿನ ವೆಚ್ಚ ಎಲ್ಲವೂ ಬೊಕ್ಕಸದಿಂದ ನಡೆದುವು. ಆದುದರಿಂದ ಪ್ರಕಟಣೆಗೆ ಸಾರ್ವಜನಿಕ ಹಣವನ್ನು ಕೊಡುವುದು ನಮಗೆ ಹೊಸದೂ ಅಲ್ಲ, ಅಪಥ್ಯವೂ ಅಲ್ಲ.

ಆದರೆ ಒಂದು ಭೇದವನ್ನು ಮರೆಯಬಾರದು. ಅಂದು ಸರಕಾರ ಕೊಟ್ಟುದು ಕಾಗದದ ಬೆಲೆ, ಮೊಳೆ ಜೋಡಿಸಿದವನ ಕೂಲಿ, ಕರಡು ತಿದ್ದಿದವನ ಸಂಬಳ. ಇಂದು ಕೇಳುತ್ತಿರುವುದು ಹೆಸರಿನ ಬೆಲೆ. ಅದೇ ಗಾತ್ರದ ಲೇಖನಕ್ಕೆ ಒಂದು ಪತ್ರಿಕೆ ಏನನ್ನೂ ಕೇಳದೆ ಇನ್ನೊಂದು ಎಂಟು ಲಕ್ಷ ಕೇಳುವುದಾದರೆ, ಆ ಅಂತರ ವೆಚ್ಚದ ಅಂತರವೆಂದು ಯಾರು ನಂಬಿಯಾರು? ಅಂಗಡಿಯವನು ಅಕ್ಕಿಯ ತೂಕ ನೋಡಿ ಬೆಲೆ ಹೇಳದೆ ಕೊಳ್ಳುವವನ ಮುಖ ನೋಡಿ ಬೆಲೆ ಹೇಳಿದಂತಾಯಿತು. ೨೦೨೩ರ ಏಪ್ರಿಲಿನಲ್ಲಿ ‘ನ್ಯೂರೋಇಮೇಜ್’ ಎಂಬ ಪತ್ರಿಕೆಯ ನಲವತ್ತಕ್ಕೂ ಹೆಚ್ಚು ಮಂದಿ ಸಂಪಾದಕರು ಒಟ್ಟಾಗಿ ರಾಜೀನಾಮೆ ಕೊಟ್ಟುದು ಈ ಕಾರಣದಿಂದಲೇ. ೩,೪೫೦ ಡಾಲರುಗಳ ಶುಲ್ಕ ನ್ಯಾಯವಲ್ಲ, ಇಳಿಸಿರೆಂದು ಅವರು ಕೇಳಿದರು, ಪ್ರಕಾಶಕರು ಒಪ್ಪಲಿಲ್ಲ, ಅವರು ಹೊರಬಂದು ಬೇರೆ ಪತ್ರಿಕೆಯನ್ನೇ ಹೂಡಿದರು. ಒಳಗಿನವರೇ ಹೀಗೆ ಹೇಳಿದ ಮೇಲೆ ಹೊರಗಿನ ನಾವು ಸಂಶಯಪಟ್ಟರೆ ತಪ್ಪಾಗಲಾರದು.

ಎರಡನೆಯ ಕೇಡು ಇನ್ನೂ ಸೂಕ್ಷ್ಮವಾದುದು. ಚಂದಾದಿಂದ ಬದುಕುವ ಪತ್ರಿಕೆಗೆ ಓದುಗ ಬೇಕು; ಓದುಗನನ್ನು ಉಳಿಸಿಕೊಳ್ಳಲು ಜಳ್ಳನ್ನು ತೂರಬೇಕು. ಲೇಖನಕ್ಕಿಷ್ಟೆಂದು ಶುಲ್ಕ ತೆಗೆದುಕೊಳ್ಳುವ ಪತ್ರಿಕೆಗೆ ಅಂಗೀಕರಿಸಿದಷ್ಟೂ ಆದಾಯ. ಅಲ್ಲಿ ಜಳ್ಳೂ ಕಾಳಿನ ಬೆಲೆಗೆ ಹೋಗುತ್ತದೆ. ವೈಲಿ ಎಂಬ ದೊಡ್ಡ ಸಂಸ್ಥೆ ೨೦೨೧ರಲ್ಲಿ ಹಿಂದಾವಿ ಎಂಬ ಮುಕ್ತ ಪ್ರಕಾಶನವನ್ನು ಕೊಂಡಿತು. ೨೦೨೩ರ ಒಂದೇ ವರ್ಷದಲ್ಲಿ ಅದರ ಪತ್ರಿಕೆಗಳಿಂದ ಎಂಟು ಸಾವಿರಕ್ಕೂ ಮೇಲ್ಪಟ್ಟ ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಣ ಪಡೆದು ಲೇಖನಗಳನ್ನು ಸೃಷ್ಟಿಸಿಕೊಡುವ ಕಳ್ಳ ಕಾರ್ಖಾನೆಗಳ ಸರಕು ಅಲ್ಲಿ ಹೇರಳವಾಗಿ ನುಗ್ಗಿತ್ತು. ಶುಲ್ಕ ಪಡೆಯುವ ಪತ್ರಿಕೆಗಳೆಲ್ಲ ಹೀಗೆಂದು ನಾನು ಹೇಳುವುದಿಲ್ಲ, ಒಳ್ಳೆಯವು ಬೇಕಾದಷ್ಟಿವೆ. ಆದರೆ ಪರೀಕ್ಷಕನ ಸಂಬಳ ತೇರ್ಗಡೆಯಾದವರ ತಲೆಯೆಣಿಕೆಯಂತೆ ಎಂದು ಗೊತ್ತುಮಾಡಿದರೆ ಪರೀಕ್ಷೆಯ ಗತಿ ಏನಾದೀತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲರು.

ಮೂರನೆಯದು, ನಮ್ಮಂತಹ ಕಾಲೇಜುಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು. ಓದುಗನಿಗೆ ಬೀಗ ಹಾಕಿದ್ದಾಗ ಬಡ ಕಾಲೇಜಿನ ಅಧ್ಯಾಪಕನು ಓದಲಾರದವನಾಗಿದ್ದನು. ಲೇಖಕನಿಗೆ ಬೀಗ ಹಾಕಿದಾಗ ಅವನು ಬರೆಯಲಾರದವನಾಗುತ್ತಾನೆ. ಮೊದಲನೆಯದರಲ್ಲಿ ಜ್ಞಾನ ಅವನಿಗೆ ತಲುಪುತ್ತಿರಲಿಲ್ಲ. ಎರಡನೆಯದರಲ್ಲಿ ಅವನ ಜ್ಞಾನ ಲೋಕಕ್ಕೆ ತಲುಪುವುದಿಲ್ಲ. ಯಾವುದು ಹೆಚ್ಚಿನ ನಷ್ಟವೋ ನಾನು ಹೇಳಲಾರೆ. ವಿಜ್ಞಾನದಲ್ಲಿ ದೊಡ್ಡ ಅನುದಾನಗಳಾದರೂ ಉಂಟು. ಇತಿಹಾಸ, ಸಮಾಜಶಾಸ್ತ್ರ, ಭಾಷೆಗಳನ್ನು ಹಿಡಿದವರಲ್ಲಿ ಎಷ್ಟೋ ಮಂದಿ ಕೈಯಿಂದ ಬಸ್ಸಿನ ಚಾರ್ಜು ಕೊಟ್ಟು ದಫ್ತರಗಳನ್ನು ಹುಡುಕುತ್ತಾರೆ. ಬಡ ದೇಶದವರಿಗೆ ಶುಲ್ಕದಲ್ಲಿ ವಿನಾಯಿತಿಯುಂಟೆಂದು ಪ್ರಕಾಶಕರು ಹೇಳುವುದು ನಿಜ. ಆದರೆ ಆ ಪಟ್ಟಿಗಳಲ್ಲಿ ಅನೇಕವು ದೇಶದ ಒಟ್ಟು ಆದಾಯವನ್ನೂ ನೋಡಿ ತಯಾರಾದುವು. ಭಾರತ ದೊಡ್ಡ ದೇಶ. ಅದರ ಒಟ್ಟು ಆದಾಯವೂ ದೊಡ್ಡದು. ಆದುದರಿಂದ ತಾನಾಗಿ ದೊರೆಯುವ ವಿನಾಯಿತಿ ನಮಗೆ ಬಹುಮಟ್ಟಿಗೆ ಇಲ್ಲ. ಊರಿನ ಸಾಹುಕಾರನ ಆಸ್ತಿಯನ್ನೂ ಸೇರಿಸಿ ಸರಾಸರಿ ತೆಗೆದು, ಕೂಲಿಯವನಿಗೆ ನೀನೂ ಅನುಕೂಲಸ್ಥನೆಂದರೆ ಅವನು ಏನು ಹೇಳಬೇಕು?

ನಾಲ್ಕನೆಯದು ಎರಡು ಸಲ ತೆರುವ ಕೇಡು. ನನ್ನ ಮಿತ್ರರ ಲೇಖನವನ್ನು ಒಪ್ಪಿದ ಪತ್ರಿಕೆ ಚಂದಾ ಪತ್ರಿಕೆ. ಇಡೀ ಸಂಚಿಕೆಗೆ ಪುಸ್ತಕಭಂಡಾರಗಳಿಂದ ಚಂದಾ ಬರುತ್ತದೆ. ಅದರೊಳಗಿನ ಒಂದೊಂದು ಲೇಖನವನ್ನು ಬಿಡಿಸಿ ತೆರೆದಿಡಲು ಲೇಖಕರಿಂದಲೂ ಹಣ ಬರುತ್ತದೆ. ಬಸ್ಸು ಹತ್ತುವಾಗ ಒಂದು ಟಿಕೆಟ್ಟು, ಇಳಿಯುವಾಗ ಇನ್ನೊಂದು! ಎರಡು ಜೇಬೂ ಸರಕಾರದ್ದೇ ಆದುದರಿಂದ ಕೇಳುವವರಿಲ್ಲ.

ನಮ್ಮ ದೇಶ ಈಚೆಗೆ ಹಿಡಿದಿರುವ ದಾರಿಯನ್ನು ಇಲ್ಲಿ ಪ್ರಸ್ತಾಪಿಸದಿರಲಾಗದು. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಮಂತ್ರಿಮಂಡಲ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೨೫, ೨೦೨೬, ೨೦೨೭ ಈ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರಕಾರಗಳ ೬,೩೦೦ಕ್ಕೂ ಹೆಚ್ಚು ಸಂಸ್ಥೆಗಳು. ಬೆಂಗಳೂರು, ದೆಹಲಿಗಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ದೊರೆಯುತ್ತಿದ್ದುದು ತಾಲ್ಲೂಕು ಕೇಂದ್ರದ ಸರಕಾರಿ ಕಾಲೇಜಿಗೂ ದೊರೆಯಬೇಕೆಂಬುದು ದೊಡ್ಡ ಮಾತೇ ಸರಿ. ಅದಕ್ಕಾಗಿ ಸರಕಾರವನ್ನು ಅಭಿನಂದಿಸಬೇಕು. ಆದರೆ ಯೋಚಿಸಿ ನೋಡಿ. ಈ ಬಾಗಿಲು ತೆರೆದಿರುವುದು ಸಂಸ್ಥೆಯೊಳಗಿರುವವರಿಗೆ. ಅಂತಿಮ ವರ್ಷದ ವಿದ್ಯಾರ್ಥಿ ಪದವಿ ಪತ್ರವನ್ನು ಕೈಯಲ್ಲಿ ಹಿಡಿದು ಗೇಟು ದಾಟಿದ ಕೂಡಲೆ ಅದು ಅವನಿಗೆ ಮುಚ್ಚುತ್ತದೆ. ಊರಿನಲ್ಲಿ ಸ್ವಂತ ಚಿಕಿತ್ಸಾಲಯವಿಟ್ಟ ವೈದ್ಯರಿಗೆ, ವಕೀಲರಿಗೆ, ಹೈಸ್ಕೂಲು ಮೇಷ್ಟರಿಗೆ, ಪತ್ರಿಕೋದ್ಯೋಗಿಗೆ ಅದು ತೆರೆಯುವುದೇ ಇಲ್ಲ. ಮೂರು ವರ್ಷ ಮುಗಿದ ಮೇಲೆ ಮತ್ತೆ ಹಣ ತೆರಬೇಕು. ಬಾಡಿಗೆ ಮನೆಗೆ ಎಷ್ಟು ತೆತ್ತರೂ ಸ್ವಂತ ಮನೆಯಾಗುವುದುಂಟೆ?

ಇದರ ಜೊತೆಗೆ, ಒಳ್ಳೆಯ ಮುಕ್ತ ಪತ್ರಿಕೆಗಳಲ್ಲಿ ಪ್ರಕಟಿಸುವವರ ಶುಲ್ಕಕ್ಕೆಂದು ವರ್ಷಕ್ಕೆ ೧೫೦ ಕೋಟಿ ರೂಪಾಯಿಗಳವರೆಗೆ ನೆರವು ಕೊಡುವುದಾಗಿಯೂ ಹೇಳಲಾಗಿದೆ. ಲೇಖನವೊಂದಕ್ಕೆ ಎರಡು ಲಕ್ಷದಂತೆ ಲೆಕ್ಕ ಹಾಕಿದರೆ ೭,೫೦೦ ಲೇಖನಗಳಾಗುತ್ತವೆ. ನಮ್ಮ ವಿದ್ವಾಂಸರು ಒಂದು ವರ್ಷದಲ್ಲಿ ಪ್ರಕಟಿಸುವ ಲೇಖನಗಳ ಸಂಖ್ಯೆ ಲಕ್ಷವನ್ನು ಎಂದೋ ದಾಟಿದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಹಾಗೆಂದು ೧೫೦ ಕೋಟಿಯನ್ನು ೧,೫೦೦ ಕೋಟಿ ಮಾಡಿರೆಂದು ನಾನು ಬೇಡುವುದಿಲ್ಲ. ಕೊಡುವವನ ಕೈ ಧಾರಾಳವಾದಷ್ಟೂ ಸುಂಕದವನ ದರ ಏರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದಾರಿ ಹೊಸದಾಗಿ ಹುಡುಕಬೇಕಾದುದಿಲ್ಲ. ೧೯೨೮ರ ಮಾರ್ಚ್ ೧೬ರಂದು ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ತಮ್ಮ ಹೊಸ ಬೆಳಕಿನ ವಿಷಯವಾಗಿ ಉಪನ್ಯಾಸ ಮಾಡಿದರು. ಲಂಡನ್ನಿನ ‘ನೇಚರ್’ ಪತ್ರಿಕೆಗೆ ಪುಟ್ಟ ಪತ್ರವನ್ನು ಬರೆದರೂ, ಉಪನ್ಯಾಸದ ಪೂರ್ಣಪಾಠವನ್ನು ಅಚ್ಚು ಹಾಕಿಸಿದುದು ಕಲ್ಕತ್ತೆಯ ತಮ್ಮ ಸಂಘವೇ ಹೊರಡಿಸುತ್ತಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. ಅದರ ಪ್ರತಿಗಳನ್ನು ದೇಶದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿಕೊಟ್ಟರು. ೧೯೩೦ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮ್ಮ ಪತ್ರಿಕೆ, ನಮ್ಮ ಅಚ್ಚು, ಲೋಕಕ್ಕೆಲ್ಲ ಹಂಚಿಕೆ: ಮುಕ್ತ ಪ್ರಕಟಣೆಯೆಂಬ ಹೆಸರು ಹುಟ್ಟುವುದಕ್ಕೆ ಮುಂಚೆಯೇ ಅದರ ಕೆಲಸ ಇಲ್ಲಿ ನಡೆದಿತ್ತು. ೧೯೩೪ರಲ್ಲಿ ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳನ್ನು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಇಂದು ತೆರೆದು ಓದಬಹುದು. ಜಗತ್ತಿನ ಮುಕ್ತ ಪತ್ರಿಕೆಗಳ ಪಟ್ಟಿಯೊಂದನ್ನು ೨೦೦೩ರಿಂದ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದವರು ಆರಂಭಿಸಿದರು. ಈಗ ಅದರಲ್ಲಿರುವ ಪತ್ರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೇಖಕರಿಂದ ಶುಲ್ಕವನ್ನೇ ಕೇಳುವುದಿಲ್ಲ. ವಿಶ್ವವಿದ್ಯಾನಿಲಯಗಳೂ ವಿದ್ವತ್ಸಂಘಗಳೂ ಅವನ್ನು ನಡೆಸಿಕೊಂಡು ಬರುತ್ತಿವೆ. ಆದುದರಿಂದ ಶುಲ್ಕವಿಲ್ಲದೆ ಮುಕ್ತಿಯಿಲ್ಲವೆಂಬುದು ಪೂಜಾರಿಯ ಮಾತು, ದೇವರ ಮಾತಲ್ಲ.

ಹಣ ಕೊಡುವವರೂ ಈಗ ಎಚ್ಚೆತ್ತುಕೊಳ್ಳುತ್ತಿದ್ದಾರೆ. ಲೋಕದ ಅತಿ ಶ್ರೀಮಂತ ದತ್ತಿಗಳಲ್ಲೊಂದಾದ ಗೇಟ್ಸ್ ಪ್ರತಿಷ್ಠಾನ ೨೦೨೫ರ ಜನವರಿ ೧ರಿಂದ ಪ್ರಕಟಣ ಶುಲ್ಕಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು. ಅನುದಾನ ಪಡೆದವರು ತಮ್ಮ ಹಸ್ತಪ್ರತಿಯನ್ನು ಪತ್ರಿಕೆಯ ಪರಿಶೀಲನೆಗೆ ಮುಂಚೆಯೇ ಎಲ್ಲರಿಗೂ ತೆರೆದಿಡಬೇಕೆಂದು ವಿಧಿಸಿತು. ಅಮೆರಿಕದ ಆರೋಗ್ಯ ಸಂಸ್ಥೆಗಳೂ ಶುಲ್ಕಕ್ಕೆ ಮಿತಿ ಹಾಕುವ ಉದ್ದೇಶವನ್ನು ೨೦೨೫ರ ಜುಲೈನಲ್ಲಿ ಸಾರಿದುವು. ಕೋಟಿಗಟ್ಟಲೆ ಉಳ್ಳವರೇ ಗಂಟನ್ನು ಬಿಗಿಹಿಡಿಯುತ್ತಿರುವಾಗ ನಾವು ಬಿಚ್ಚುತ್ತ ಹೋಗುವುದು ಜಾಣತನವಾಗಲಾರದು.

ನನ್ನ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುತ್ತೇನೆ. ಸಾರ್ವಜನಿಕ ಅನುದಾನ ಪಡೆದ ಪ್ರತಿಯೊಬ್ಬನೂ ತನ್ನ ಅಂಗೀಕೃತ ಲೇಖನದ ಪ್ರತಿಯನ್ನು ಮುಕ್ತ ಭಂಡಾರದಲ್ಲಿ ಇಡಲೇಬೇಕು. ಇಡದವನಿಗೆ ಮುಂದಿನ ಕಂತು ಇಲ್ಲ. ನೀತಿ ಕಾಗದದ ಮೇಲಿದ್ದರೆ ಸಾಲದು, ಕಂತಿನೊಡನೆ ಗಂಟು ಹಾಕಿದರೆ ಮಾತ್ರ ನಡೆದೀತು. ಚಂದಾ ಪಡೆಯುವ ಪತ್ರಿಕೆಗೆ ಅನುದಾನದಿಂದ ಶುಲ್ಕವಾಗಿ ಒಂದು ಕಾಸೂ ಹೋಗಕೂಡದು. ಪೂರ್ಣ ಮುಕ್ತವಾದ ಒಳ್ಳೆಯ ಪತ್ರಿಕೆಗೆ ಕೊಡಲೇಬೇಕಾದರೆ ನಿಜವಾದ ವೆಚ್ಚವನ್ನು ನೋಡಿ ಕಟ್ಟಿದ ಮಿತಿಯೊಳಗೆ ಕೊಡಲಿ; ಅದೂ ಅನುದಾನವಿಲ್ಲದ ಅಧ್ಯಾಪಕನಿಗೂ ಎಟಕುವಂತಹ ಸಾಮಾನ್ಯ ನಿಧಿಯಿಂದ ಬರಲಿ. ಮಿಕ್ಕ ಹಣದಿಂದ ನಮ್ಮ ವಿಶ್ವವಿದ್ಯಾನಿಲಯಗಳ, ಸಂಘಗಳ ಪತ್ರಿಕೆಗಳನ್ನು ಎತ್ತಿ ನಿಲ್ಲಿಸಬೇಕು. ಇಂದು ಅವುಗಳಲ್ಲಿ ಅನೇಕವು ಹೊತ್ತಿಗೆ ಹೊರಡುವುದಿಲ್ಲ, ಪರಿಶೀಲನೆ ಸಡಿಲ, ಜಾಲತಾಣ ತೆರೆಯುವುದಿಲ್ಲ. ಇವು ನಾಚಿಕೆಯ ಮಾತುಗಳಾದರೂ ಹೇಳಬೇಕಾದುವು. ಒಬ್ಬ ಲೇಖಕನಿಗೆ ಒಂದು ಸಲ ಕಟ್ಟೆ ದಾಟಲು ಕೊಡುವ ಎರಡು ಲಕ್ಷ, ಒಂದು ಪತ್ರಿಕೆಗೆ ಇಡೀ ವರ್ಷದ ಉಸಿರಾದೀತು.

ಇದಕ್ಕೆ ಒಂದು ಅಡ್ಡಿಯಿದೆ, ಅದನ್ನು ಮುಚ್ಚಿಡಲಾರೆ. ತರುಣ ಅಧ್ಯಾಪಕನಿಗೆ ನೌಕರಿ ಬೇಕು, ಬಡ್ತಿ ಬೇಕು. ಆಯ್ಕೆಯ ಸಮಿತಿಯವರು ಲೇಖನವನ್ನು ಓದದೆ ಪತ್ರಿಕೆಯ ಹೆಸರನ್ನು ಓದುತ್ತಿರುವವರೆಗೆ ಅವನು ಹೆಸರನ್ನು ಕೊಳ್ಳದೆ ಏನು ಮಾಡಿಯಾನು? ಸಾಲ ಮಾಡಿಯಾದರೂ ಕೊಳ್ಳುತ್ತಾನೆ. ಅವನನ್ನು ಬೈದು ಫಲವಿಲ್ಲ. ನಮ್ಮಂತಹ ಹಿರಿಯರು ಸಮಿತಿಗಳಲ್ಲಿ ಕುಳಿತಾಗ ಲೇಖನದ ಪುಟಗಳನ್ನು ತಿರುವಿ ನೋಡುವ ಶ್ರಮವನ್ನು ವಹಿಸಿದರೆ, ಸುಂಕದ ಕಟ್ಟೆಯ ಬುಡವೇ ಸಡಿಲವಾದೀತು. ಈ ಸುಧಾರಣೆಗೆ ಸರಕಾರದ ಬೊಕ್ಕಸದಿಂದ ಒಂದು ಕಾಸೂ ಬೇಕಿಲ್ಲ. ಪ್ರಾಯಶಃ ಅದಕ್ಕಾಗಿಯೇ ಅದು ಇನ್ನೂ ನಡೆದಿಲ್ಲ.

ನನ್ನ ಮಿತ್ರರ ವಿಷಯ ಹೇಳಿ ಮುಗಿಸುತ್ತೇನೆ. ಅವರು ಎರಡು ಲಕ್ಷವನ್ನು ಕಟ್ಟಲಿಲ್ಲ. ಪ್ರಕಾಶಕರ ಕರಾರನ್ನು ಇಬ್ಬರೂ ಕುಳಿತು ಓದಿದೆವು. ಹದಿನೆಂಟು ತಿಂಗಳ ತರುವಾಯ ಲೇಖಕನು ತನ್ನ ಅಂಗೀಕೃತ ಪ್ರತಿಯನ್ನು ಭಂಡಾರದಲ್ಲಿ ಇಡಬಹುದೆಂದು ಸಣ್ಣ ಅಕ್ಷರದಲ್ಲಿ ಇದ್ದಿತು. ಆ ದಿನಾಂಕವನ್ನು ಅವರು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡಿದ್ದಾರೆ. ಅನುದಾನ ಕೊಟ್ಟವರ ಒಪ್ಪಿಗೆ ಪಡೆದು, ಉಳಿದ ಹಣದಲ್ಲಿ ಒಂದಂಶದಿಂದ ತಮ್ಮ ಸಂಶೋಧನೆಯ ಸಾರವನ್ನು ಕನ್ನಡದಲ್ಲಿ ಬರೆದು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಆ ಹೋಬಳಿಯ ಪಂಚಾಯಿತಿಗಳಿಗೆ ಹಂಚಿದರು. ವಾರದ ಮೇಲೆ ಒಬ್ಬ ವೃದ್ಧ ನೀರುಗಂಟಿ ಪುಸ್ತಿಕೆಯನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಬಸ್ಸು ಹತ್ತಿ ಕಾಲೇಜಿಗೇ ಬಂದನಂತೆ. “ಮೇಷ್ಟ್ರೇ, ನಮ್ಮ ಕೆರೆಗೆ ಎರಡು ತೂಬು ಅಂತ ಬರ್ದಿದೀರಿ. ಮೂರು ಐತೆ. ಮೂರನೇದು ಹೂಳಿನಾಗೆ ಮುಚ್ಚಿ ಹೋಗೈತೆ, ಬನ್ನಿ ತೋರಿಸ್ತೀನಿ” ಎಂದನಂತೆ. ಮಿತ್ರರು ಅವನೊಡನೆ ಹೋಗಿ ನೋಡಿ ಬಂದರು. ಹದಿನಾಲ್ಕು ತಿಂಗಳ ಪರಿಶೀಲನೆಯಲ್ಲಿ ಯಾರ ಕಣ್ಣಿಗೂ ಬೀಳದಿದ್ದ ತಪ್ಪು ಅದು.